ಗಾಳಿ ತುಂಬಿದ ದೋಣಿ

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರು ಬಡಾವಣೆಯ ಬಂಗಲೆಗಳ ಬಾಗಿಲಿಗೇ ಬಂದ ರಬ್ಬರ್ ದೋಣಿಯನ್ನು ಎಷ್ಟು ಮೆಚ್ಚಿದರೂ ಸಾಲದು. ಅದರ ಕೊಳವೆಯೊಳಗೆ ಗಾಳಿ ಬೇರೆ ಬೇರೆ ಕೋಣೆಗಳಲ್ಲಿರುತ್ತದೆ. ನೀರಲ್ಲಿ ಮುಳುಗಿದ ಗೇಟಿನ ಮೊನೆ ಒಂದನ್ನು ಸೀಳಿದರೂ ಉಳಿದವು ತೇಲಿಸುತ್ತವೆ. ತಳ ಚಪ್ಪಟೆ, ಮೊಣಕಾಲುದ್ದ ನೀರು ಸಾಕು. ಅಂಚು ತಗ್ಗು, ನಡೆಯಲಾರದ ಅಜ್ಜಿಯನ್ನೂ ಎತ್ತಿ ಕೂರಿಸಬಹುದು. ಸುತ್ತ ಕಟ್ಟಿದ ಹಗ್ಗ ನೀರಿಗೆ ಬಿದ್ದವರಿಗೆ ಆಸರೆ.

ಕ್ರೂಸ್ ಹಡಗಿನ ದೋಣಿಗಳನ್ನಾದರೋ ಎತ್ತರದಿಂದ ಇಳಿಸಬೇಕು. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ವಾಲಿದಾಗ ಕೆಲವನ್ನು ಇಳಿಸಲಾಗಲೇ ಇಲ್ಲ. 32 ಜನ ಸತ್ತರು. ಹಡಗು ಹೊರಡುವ ಮೊದಲೇ ಇಲ್ಲವೇ ಹೊರಟ ಕೂಡಲೇ ಪ್ರಯಾಣಿಕರಿಗೆ ಪಾರಾಗುವ ತಾಲೀಮು ಕೊಡಬೇಕೆಂಬ ನಿಯಮ ಬಂದದ್ದು ಆಮೇಲೆ.

ಮುಂಗಾರಿಗೆ ಮುಂಚೆ ನಮ್ಮ ತಗ್ಗು ಬಡಾವಣೆಗಳಿಗೂ ಅಂಥ ತಾಲೀಮು ಬೇಕು: ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ದೋಣಿ ಯಾವ ಗೇಟಿಗೆ ಬರಬೇಕು.