ಎರಡು ಕಿವಿಯ ಕೇಳುಗರು: ಗಡಿಯಾಚೆಯಿಂದ ಎಂಬತ್ತರ ದಶಕದ ಹಿಟ್ ಹಾಡುಗಳು

(ಗಡಿಯಾಚೆಯ ಕನ್ನಡವನ್ನು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನಾನು ಕಾಸರಗೋಡಿನವಳು. ಸಿನಿಮಾ ಹಾಡಿನ ಬಗ್ಗೆ ಮಾತಾಡ್ತೇನೆ ಅಂದಾಗ ಒಬ್ಬರು, "ಅದರಲ್ಲಿ ಸಂಶೋಧನೆ ಮಾಡ್ಲಿಕ್ಕೆ ಏನುಂಟು?" ಅಂತ ಕೇಳಿದ್ರು. ಉಂಟು. ಒಂದು ದಶಕದ ಜನಪ್ರಿಯ ಹಾಡುಗಳನ್ನು ಈಗ ನೆನಪಿಸಿಕೊಳ್ಳುವಾಗ ಯಾರ ನೆನಪು ಲೆಕ್ಕಕ್ಕೆ ಬರುತ್ತದೆ, ಯಾರದ್ದು ಬರುವುದಿಲ್ಲ ಎನ್ನುವುದು ನನ್ನ ಪ್ರಶ್ನೆ. ನನ್ನ ವಾದ ಇಷ್ಟು: ಗಡಿಯ ಕನ್ನಡಿಗರು ಹಾಡನ್ನು ಎರಡು ಕಿವಿಯಿಂದ ಕೇಳಿದವರು. ಒಂದು ಕಿವಿ ಕನ್ನಡದ್ದು, ಇನ್ನೊಂದು ನೆರೆಯ ಭಾಷೆಯದ್ದು. ಈ ಕೇಳ್ಮೆಯನ್ನು ಬಿಟ್ಟು ಎಂಬತ್ತರ ದಶಕದ ಕನ್ನಡ ಹಾಡಿನ ವಿಮರ್ಶೆ ಪೂರ್ತಿಯಾಗುವುದಿಲ್ಲ.

1. ಯಾವ ಪಟ್ಟಿಯ ಹಿಟ್?

ಹಿಟ್ ಅಂದರೆ ಎಲ್ಲೋ ಒಂದು ಪಟ್ಟಿ ಇರಬೇಕು. ಹಿಂದಿ ಹಾಡಿಗೆ ಅದು ಇತ್ತು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಅಮೀನ್ ಸಯಾನಿ ವಾರವಾರ ಹಾಡುಗಳಿಗೆ ಮೆಟ್ಟಿಲು ಕೊಟ್ಟು ನಿಲ್ಲಿಸಿದರು. ಅದೇ ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡನ್ನು ದೂರ ಇಟ್ಟರು. ಕೇಳುಗರು ಸಿಲೋನಿನ ಕಡೆ ತಿರುಗಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಬರಬೇಕಾಯಿತು. ಅಂದರೆ ನಮ್ಮ ದೇಶದ ಮೊದಲ ದೊಡ್ಡ ಹಿಟ್ ಪಟ್ಟಿಯೇ ಗಡಿಯಾಚೆಯಿಂದ ಬಂದದ್ದು!

ಕನ್ನಡ ಸಿನಿಮಾ ಹಾಡಿಗೆ ಅಷ್ಟು ಹೆಸರಾದ ಪಟ್ಟಿ ಬೆಳೆಯಲಿಲ್ಲ. ಎಂಬತ್ತರ ದಶಕದಲ್ಲಿ ಹಾಡು ಗೆದ್ದಿತೋ ಇಲ್ಲವೋ ಅನ್ನುವುದನ್ನು ಬೇರೆ ಬೇರೆ ಕಡೆ ನೋಡಿ ತಿಳಿಯಬೇಕಿತ್ತು: ಚಿತ್ರಮಂದಿರದಲ್ಲಿ ಎಷ್ಟು ದಿನ ಓಡಿತು, ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಎಷ್ಟು ಸಲ "ಒನ್ಸ್ ಮೋರ್" ಬಿತ್ತು, ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಎಷ್ಟು ಕಾರ್ಡು ಬಂತು. ಈ ಕೊನೆಯದರಲ್ಲಿ ನಾವೂ ಇದ್ದೆವು. 1976ರಲ್ಲಿ ಶುರುವಾದ ಮಂಗಳೂರು ಕೇಂದ್ರ ಕಾಸರಗೋಡಿಗೆ ಚೆನ್ನಾಗಿ ಕೇಳುತ್ತಿತ್ತು. ಅಕ್ಕಲಕೋಟೆಯವರಿಗೆ ಕಲಬುರಗಿ ಹತ್ತಿರ. ಹಾಡಿಗೆ ಮೊದಲು ಓದುವ ಹೆಸರುಗಳ ಸಾಲಿನಲ್ಲಿ ಕುಂಬಳೆ, ಮಂಜೇಶ್ವರ ಅಂತ ಕೇಳಿಸಿದರೆ ನಮ್ಮ ಹಿರಿಯರಿಗೆ ಅದೊಂದು ಹಬ್ಬ.

ಆದರೆ ಗಡಿಯ ನಿಜವಾದ ಪಟ್ಟಿ ಬೇರೆ ಇತ್ತು. ಅದು ರೆಕಾರ್ಡಿಂಗ್ ಅಂಗಡಿಗೆ ಕೊಡುತ್ತಿದ್ದ ಚೀಟಿ. ಖಾಲಿ ಕ್ಯಾಸೆಟ್ ಮತ್ತು ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಅಂಗಡಿಯವರು ತುಂಬಿಸಿಕೊಡ್ತಾ ಇದ್ರು. ಕಾನೂನಿನ ಕಣ್ಣಿಗೆ ಅದು ಕಳ್ಳಮಾಲು; ಸಂಶೋಧಕರಿಗೆ ಅದು ಚಿನ್ನ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಆರೋ ಏಳೋ ಹಾಡು. ಹಾಗಾಗಿ ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲೇಬೇಕು. ಪೀಟರ್ ಮ್ಯಾನುಯಲ್ 1993ರ 'ಕ್ಯಾಸೆಟ್ ಕಲ್ಚರ್' ಪುಸ್ತಕದಲ್ಲಿ ಉತ್ತರ ಭಾರತದ ಕ್ಯಾಸೆಟ್ ಲೋಕವನ್ನು ವಿವರಿಸಿದ್ದಾರೆ. ನಮ್ಮ ಗಡಿಗಳಿಗೆ ಅಂಥದ್ದೊಂದು ಕೆಲಸ ಇನ್ನೂ ಆಗಬೇಕಿದೆ.

ನಮ್ಮ ಸೋದರಮಾವನ ಅಂಥ ಒಂದು ಕ್ಯಾಸೆಟ್ಟಿನ ಚೀಟಿ ನನ್ನ ಹತ್ತಿರ ಇದೆ. ಅದರಲ್ಲಿ ಕನ್ನಡದ 'ಗೀತಾ' (1981) ಇದೆ, ಮಲಯಾಳದ 'ಮಂಞಿಲ್ ವಿರಿಞ್ಞ ಪೂಕ್ಕಳ್' (1980) ಇದೆ, ಹಿಂದಿಯ 'ಏಕ್ ದೂಜೇ ಕೇ ಲಿಯೇ' (1981) ಇದೆ. ಮೂರೂ ಒಂದೇ ಬದಿಯಲ್ಲಿ, ಮೂರೂ ಹೆಸರು ಕನ್ನಡ ಲಿಪಿಯಲ್ಲಿ. ಮೇಲ್ನೋಟಕ್ಕೆ ಕಲಸುಮೇಲೋಗರ. ಆದರೆ ದನಿಗಳನ್ನು ಗಮನಿಸಿ. 'ಗೀತಾ'ದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ, ಮಲಯಾಳದ ಚಿತ್ರದಲ್ಲಿ ಯೇಸುದಾಸ್ ಮತ್ತು ಅದೇ ಜಾನಕಿ, ಹಿಂದಿಯಲ್ಲಿ ಲತಾ ಜತೆಗೆ ಅದೇ ಎಸ್.ಪಿ.ಬಿ. ಮಾವ ಭಾಷೆಯನ್ನು ನೋಡಿ ಪಟ್ಟಿ ಮಾಡಲಿಲ್ಲ, ದನಿಯ ಜಾಡು ಹಿಡಿದು ಮಾಡಿದರು. ಇಂದು ಟಿ.ವಿ.ಯಲ್ಲಿ, ಯೂಟ್ಯೂಬಿನಲ್ಲಿ ಬರುವ "ಎಂಬತ್ತರ ದಶಕದ ಟಾಪ್ ಹತ್ತು" ಪಟ್ಟಿಗಳಲ್ಲಿ ಈ ಜಾಡು ಕಾಣುವುದಿಲ್ಲ. ಅಲ್ಲಿ ಒಂದು ಭಾಷೆಗೆ ಒಂದು ಡಬ್ಬಿ.

2. ಒಂದು ಧಾಟಿ, ಎರಡು ಭಾಷೆ

ಈಗ 'ಗೀತಾ' ಚಿತ್ರದ "ಜೊತೆಯಲಿ" ಹಾಡಿಗೆ ಬರ್ತೇನೆ. ಶಂಕರ್‌ನಾಗ್ ಚಿತ್ರ, ಚಿ. ಉದಯಶಂಕರ್ ಸಾಹಿತ್ಯ, ಇಳಯರಾಜ ಸಂಗೀತ. ಇದೇ ಧಾಟಿಯನ್ನು ಇಳಯರಾಜ 1984ರ ತಮಿಳು ಚಿತ್ರ 'ನೂರಾವದು ನಾಳ್'ನಲ್ಲಿ ಬಳಸಿದರು. ಮುಂದೆ 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ತಂದರು. ಹೊಸೂರಿನಲ್ಲಿ ಈ ಹಾಡು ಬಂದಾಗಲೆಲ್ಲ "ಇದು ನಮ್ದು", "ಅಲ್ಲ, ನಮ್ದು" ಅಂತ ಜಗಳ ಅಂತ ಅಲ್ಲಿನ ಗೆಳತಿ ಹೇಳ್ತಾಳೆ. ಮೂರು ವರ್ಷ ಮೊದಲು ಬಂದದ್ದು ಕನ್ನಡ. ಆದರೆ ಜಗಳದಲ್ಲಿ ಗೆಲ್ಲುವುದಕ್ಕಿಂತ ಎರಡನ್ನೂ ಒಟ್ಟಿಗೆ ಕೇಳುವುದು ಹೆಚ್ಚು ಲಾಭ.

ಛಂದಸ್ಸಿನ ಲೆಕ್ಕ ಹಾಕೋಣ. "ಜೊತೆಯಲಿ": ನಾಲ್ಕೂ ಲಘು, ನಾಲ್ಕು ಮಾತ್ರೆ. ತಮಿಳು ಹಾಡು ಶುರುವಾಗುವುದು ಕಣ್ಣು ಎಂಬ ಅರ್ಥದ ಪದದಿಂದ, "ವಿೞಿಯಿಲೇ": ಮೂರು ಲಘು, ಕೊನೆಗೊಂದು ಗುರು, ಐದು ಮಾತ್ರೆ. ಹಾಡುವಾಗ ಮಾತ್ರೆ ಹಿಗ್ಗುತ್ತದೆ, ಕುಗ್ಗುತ್ತದೆ, ನಿಜ. ಆದರೂ ಕನ್ನಡದಲ್ಲಿ ಪದ ಕಾಲು ಎತ್ತಿ ಓಡುತ್ತದೆ, ತಮಿಳಿನಲ್ಲಿ ಕೊನೆಗೆ ಬಂದು ನಿಲ್ಲುತ್ತದೆ. ಇನ್ನೊಂದು ವಿಷಯ. ವ್ಯಾಕರಣದ ರೂಪ "ಜೊತೆಯಲ್ಲಿ". ಅದು ಐದು ಮಾತ್ರೆ. ಉದಯಶಂಕರ್ ಒತ್ತಕ್ಷರ ಕಳೆದು "ಅಲಿ" ಮಾಡಿದರು. ಇದು ಕಾವ್ಯದಿಂದ ಬಂದ ರೂಪ. ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಂದರೆ 1981ರ ಈ ಪ್ರೇಮಗೀತೆ ಪುಸ್ತಕದ ಕನ್ನಡದಲ್ಲಿ ನಿಂತೇ ಜನಪ್ರಿಯವಾಯಿತು. ತಮಿಳು ರೂಪ ಪಕ್ಕದಲ್ಲಿ ಇಲ್ಲದಿದ್ದರೆ ಇದು ನನ್ನ ಗಮನಕ್ಕೆ ಬರುತ್ತಿರಲಿಲ್ಲ.

ಎರಡನೆಯ ಉದಾಹರಣೆ ಇದಕ್ಕೆ ತಿರುಗುಮುರುಗು. 1991ರಲ್ಲಿ ತಮಿಳಿನ 'ಚಿನ್ನ ತಂಬಿ' ಬಂತು, ಸಂಗೀತ ಇಳಯರಾಜ. ಅದೇ ವರ್ಷ ಕನ್ನಡಕ್ಕೆ 'ರಾಮಾಚಾರಿ' ಆಯಿತು, ಸಂಗೀತ ಹಂಸಲೇಖ. ದಶಕದ ಅಂಚಿನ ಚಿತ್ರ ಇದು. ಆದರೆ ಹಂಸಲೇಖ ಎಂಬತ್ತರಲ್ಲಿ ಶುರು ಮಾಡಿದ್ದರ ಮುಂದುವರಿಕೆ. 'ಗೀತಾ'ದಲ್ಲಿ ಧಾಟಿ ಒಂದೇ, ಕಥೆ ಬೇರೆ. ಇಲ್ಲಿ ಕಥೆ ಒಂದೇ, ಧಾಟಿ ಬೇರೆ. ಎರಡರಲ್ಲೂ ನಾಯಕ ಲೋಕಜ್ಞಾನವಿಲ್ಲದ ಹಳ್ಳಿಯ ಹಾಡುಗಾರ. ಹಾಗಾಗಿ ಹಾಡು ಇಲ್ಲಿ ಅಲಂಕಾರ ಅಲ್ಲ, ಪಾತ್ರದ ಜೀವವೇ ಅದು. ರೀಮೇಕ್ ಚಿತ್ರಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತದೆ. ಹೊಸೂರಿನ ಕೇಳುಗರು ಹಾಗೆ ತಳ್ಳಲಾರರು. ಒಂದೇ ಪಾತ್ರ ಎರಡು ಭಾಷೆಯಲ್ಲಿ ಹೇಗೆ ಹಾಡಿತು ಅಂತ ಅವರಿಗೆ ಗೊತ್ತು. ಕಥೆ ಸಾಲದ್ದು, ಹಾಡು ಸ್ವಂತದ್ದು. ಕನ್ನಡ ತನ್ನ ಕೆಲಸವನ್ನು ಮಾಡಿದ್ದು ಹಾಡಿನಲ್ಲಿ. ಈ ತೀರ್ಮಾನಕ್ಕೆ ಬರಲು ಎರಡೂ ಕಿವಿ ಬೇಕು.

3. ದನಿ ಎಲ್ಲಿಯದು?

ಗಾಯಕರ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್.ಪಿ.ಬಿ., ಜಾನಕಿ ತೆಲುಗಿನವರು. ಯೇಸುದಾಸ್, ಚಿತ್ರಾ ಕೇರಳದವರು. ಆದೋನಿ, ರಾಯದುರ್ಗದ ಕಡೆಯ ಮನೆಯೊಂದರಲ್ಲಿ 1980ರ 'ಶಂಕರಾಭರಣಂ', 1981ರ 'ಗೀತಾ' ಎರಡೂ ಬರುವುದು ಇದೇ ಇಬ್ಬರ ದನಿಯಲ್ಲಿ. ಆ ಮನೆಯ ಮಗುವಿಗೆ ಎಸ್.ಪಿ.ಬಿ. ಬೇರೆ ಭಾಷೆಯವರು ಅಂತ ಅನ್ನಿಸಲು ಕಾರಣವೇ ಇಲ್ಲ. ಸೊಲ್ಲಾಪುರದ ಕನ್ನಡಿಗರಿಗೆ 1989ರ 'ಮೈನೇ ಪ್ಯಾರ್ ಕಿಯಾ' ಬಂದಾಗ ಅಲ್ಲಿ ಹಾಡಿದ್ದು ತಮ್ಮ ಮನೆಯ ದನಿ.

ಸರಿ, ಇವರೆಲ್ಲ ಹೊರಗಿನಿಂದ ಬಂದವರು, "ಅಪ್ಪಟ ಕನ್ನಡದ ದನಿ" ಅಂದರೆ ರಾಜ್‌ಕುಮಾರ್ ಅಂತ ನೀವು ಹೇಳಬಹುದು. 1974ರ 'ಸಂಪತ್ತಿಗೆ ಸವಾಲ್' ನಂತರ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. 'ಹಾಲು ಜೇನು' (1982), 'ಶ್ರಾವಣ ಬಂತು' (1984) ಆ ದಶಕದ ಮನೆಮಾತು. ಅವರ ಉಚ್ಚಾರಣೆಯನ್ನು ಇಂದಿಗೂ ಶುದ್ಧ ಕನ್ನಡದ ಮಾದರಿ ಅಂತ ತೋರಿಸ್ತಾರೆ. ಅವರ ಹುಟ್ಟೂರು ಗಾಜನೂರು. ಅದು ಎಲ್ಲಿದೆ? ತಾಳವಾಡಿಯ ಸೀಮೆಯಲ್ಲಿ. ಅಂದು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆ, ಇಂದು ತಮಿಳುನಾಡಿನ ಈರೋಡ್ ಜಿಲ್ಲೆ. ಕನ್ನಡದ ಮಾದರಿ ದನಿಯೇ ನಮ್ಮ ಹಾಗೆ ಗಡಿಯಾಚೆಯದು. ಇದನ್ನು ಹೆಮ್ಮೆಗಾಗಿ ಹೇಳ್ತಾ ಇಲ್ಲ. "ನಡು" ಎಲ್ಲಿ, "ಅಂಚು" ಎಲ್ಲಿ ಅನ್ನುವ ನಮ್ಮ ಲೆಕ್ಕವನ್ನೇ ಹಾಡು ತಿರುವಿ ಹಾಕುತ್ತದೆ ಅನ್ನುವುದಕ್ಕಾಗಿ ಹೇಳ್ತಾ ಇದ್ದೇನೆ.

4. "ಹೇಳ್ತೀನಿ" ಮತ್ತು "ಹೇಳ್ತೇನೆ"

1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂತು. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ. ನಾಯಕಿ ಜೂಹಿ ಚಾವ್ಲಾ. ಮರುವರ್ಷ ಹಿಂದಿಯಲ್ಲಿ ದೊಡ್ಡ ಹೆಸರಾದರು. ಕನ್ನಡ ಕ್ಯಾಸೆಟ್ ಮಾರುಕಟ್ಟೆ ಹೇಗೆ ಬದಲಾಯಿತು ಅಂತ ಮಾತಾಡುವವರೆಲ್ಲ ಈ ಚಿತ್ರದ ಹೆಸರು ಹೇಳ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಭಾಷೆ. "ಅಲಿ" ಹೋಯಿತು, ಮಾತು ಬಂತು: ಕೇಳ್ತೀನಿ, ಹೇಳ್ತೀನಿ, ಕೊಡ್ತೀಯಾ. ಪ್ರಶ್ನೆ, ಉತ್ತರ, ಕಾಲೇಜು ಹುಡುಗರ ಕೀಟಲೆ ಎಲ್ಲವೂ ಹಾಡಿನೊಳಗೆ. ವಿಮರ್ಶಕರು ಇದನ್ನು ಭಾಷೆಯ ಬಿಡುಗಡೆ ಅಂತ ಕರೆಯುವುದುಂಟು. ಒಪ್ಪುತ್ತೇನೆ, ಅರ್ಧ.

ಯಾಕೆ ಅರ್ಧ? ಅದು ಯಾರ ಮಾತು ಅಂತ ಕೇಳಬೇಕಲ್ಲ! ನಮ್ಮಲ್ಲಿ "ಹೇಳ್ತೇನೆ", ಧಾರವಾಡದ ಕಡೆ "ಹೇಳ್ತೇನಿ". ಉದಯಶಂಕರರ "ಜೊತೆ" ನಮಗೆ "ಒಟ್ಟಿಗೆ", ಉತ್ತರದವರಿಗೆ "ಕೂಡ", "ಸಂಗಟ". ಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲದ ಕಾರಣ ಎಲ್ಲರಿಗೂ ಸಮಾನ ದೂರದಲ್ಲಿತ್ತು. ಅಕ್ಕಲಕೋಟೆಯ ಹುಡುಗನೂ ಬೆಂಗಳೂರಿನ ಹುಡುಗನೂ "ಜೊತೆಯಲಿ"ಯನ್ನು ಪಾಠದ ಪದ್ಯದ ಹಾಗೆ ಕಲಿತರು. ಹಂಸಲೇಖರ ಕನ್ನಡ ಬೆಂಗಳೂರು, ಮೈಸೂರಿನ ಹುಡುಗನಿಗೆ ಬಾಯಿಯ ಮಾತೇ ಆಯಿತು. ನಮಗೆ ಅದು ಇನ್ನೊಂದು ಊರಿನ ಮಾತು. ಆಡುಮಾತು ಹತ್ತಿರವಾಗಬೇಕಿತ್ತು, ಒಂದು ಬಗೆಯಲ್ಲಿ ದೂರವೂ ಆಯಿತು. ಆಮೇಲೆ ನಮ್ಮ ಊರಿನ ಶಾಲೆಯ ವೇದಿಕೆಗಳಲ್ಲಿ ಮಕ್ಕಳು "ಹೇಳ್ತೀನಿ" ಅನ್ನತೊಡಗಿದರು. ಮನೆಯಲ್ಲಿ "ಹೇಳ್ತೇನೆ", ಮೈಕಿನ ಮುಂದೆ "ಹೇಳ್ತೀನಿ".

ಇದು ಹಂಸಲೇಖರ ಮೇಲಿನ ದೂರು ಅಲ್ಲ. ಒಬ್ಬ ಕವಿ ತನ್ನ ಕಿವಿಗೆ ಬಿದ್ದ ಮಾತನ್ನೇ ಬರೆಯಬೇಕು. ದೂರು ಇರುವುದು ವಿಮರ್ಶೆಯ ಮೇಲೆ. "ಜನರ ಮಾತು ಹಾಡಾಯಿತು" ಅನ್ನುವಾಗ ಯಾವ ಜನ ಅಂತ ಅದು ಕೇಳಲಿಲ್ಲ.

5. ಹಾಡು ಉಳಿಸಿದ್ದೇನು?

ಗಡಿಯಲ್ಲಿ ಕನ್ನಡ ಉಳಿಸಿದ್ದು ಸಿನಿಮಾ ಹಾಡು ಅನ್ನುವ ಮಾತನ್ನು ನಮ್ಮ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಚಪ್ಪಾಳೆಯೂ ಬೀಳ್ತದೆ. ಆದರೆ ಇದನ್ನು ಸ್ವಲ್ಪ ಪರೀಕ್ಷೆ ಮಾಡಬೇಕು. 2017ರಲ್ಲಿ ಕೇರಳದಲ್ಲಿ ಮಲಯಾಳಂ ಕಲಿಕೆ ಕಡ್ಡಾಯದ ಕಾಯ್ದೆ ಬಂದಾಗ ಕಾಸರಗೋಡಿನವರು ಬೀದಿಗೆ ಇಳಿದದ್ದು ಹಾಡಿಗಾಗಿ ಅಲ್ಲ, ಶಾಲೆಗಾಗಿ, ಓದಿಗಾಗಿ. ನನ್ನ ತಂಗಿಯ ವಯಸ್ಸಿನವರಲ್ಲಿ ಎಂಬತ್ತರ ದಶಕದ ಹಾಡುಗಳನ್ನು ಅಜ್ಜ ಅಜ್ಜಿಯ ಜತೆ ಕೂತು ಪೂರ್ತಿ ಹಾಡಬಲ್ಲವರಿದ್ದಾರೆ. ಆದರೆ ಕನ್ನಡ ಲಿಪಿಯಲ್ಲಿ ಬರೆದ ಮಾವನ ಚೀಟಿಯನ್ನು ಅವರ ಕೈಗೆ ಕೊಟ್ಟರೆ ಅಕ್ಷರ ಕೂಡಿಸಿ ಓದಬೇಕು. ಹಾಡು ಕಿವಿಯನ್ನು ಉಳಿಸಿತು, ಕಣ್ಣನ್ನು ಉಳಿಸಲಿಲ್ಲ. ಹಾಡಿನ ಜನಪ್ರಿಯತೆಯನ್ನು ತೋರಿಸಿ "ಗಡಿಯಲ್ಲಿ ಕನ್ನಡ ಚೆನ್ನಾಗಿದೆ" ಅನ್ನುವವರಿಗೂ, "ಹಾಡು ಕೇಳ್ತಾರಲ್ಲ, ಶಾಲೆ ಯಾಕೆ" ಅನ್ನುವವರಿಗೂ ಈ ವ್ಯತ್ಯಾಸ ಗೊತ್ತಿರಬೇಕು.

ಹಾಗಾದರೆ ಹಾಡಿನಿಂದ ನಮಗೆ ಸಿಕ್ಕಿದ್ದು ಏನು? ಹೋಲಿಸುವ ಶಕ್ತಿ. ಒಂದು ಧಾಟಿ ಕನ್ನಡದಲ್ಲಿ ಹೇಗೆ ಓಡುತ್ತದೆ, ತಮಿಳಿನಲ್ಲಿ ಹೇಗೆ ನಿಲ್ಲುತ್ತದೆ ಅಂತ ಪುಸ್ತಕ ಇಲ್ಲದೆ ತಿಳಿದವರು ನಮ್ಮ ಹಿರಿಯರು. ತೌಲನಿಕ ಅಧ್ಯಯನವನ್ನು ನಾವು ವಿಭಾಗಗಳಲ್ಲಿ ಪಠ್ಯವಾಗಿ ಕಲಿಯುತ್ತೇವೆ. ಅವರು ರೆಕಾರ್ಡಿಂಗ್ ಅಂಗಡಿಯ ಮುಂದೆ ನಿಂತು ಮಾಡಿದರು. ಹಳೆಯ ಹಾಡುಗಳ ಮೆಲುಕು ಬರೀ ಹಳಹಳಿಕೆ ಆಗಬಾರದು ಅಂತಿದ್ದರೆ ಈ ತಿಳಿವಳಿಕೆಯನ್ನು ದಾಖಲಿಸಬೇಕು.

ಅದಕ್ಕೆ ಸಮಯ ಕಡಿಮೆ. ಅಂಗಡಿಗಳು ಮುಚ್ಚಿವೆ. ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಚೀಟಿಗಳು ಗುಜರಿಗೆ ಹೋಗ್ತಾ ಇವೆ. ಇಲ್ಲಿ ಸೇರಿರುವ ನಾವು ನಾಲ್ಕೈದು ರಾಜ್ಯದವರು. ನಿಮ್ಮ ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಅಂಥ ಚೀಟಿ, ಹಾಡು ಬರೆದಿಟ್ಟ ನೋಟುಪುಸ್ತಕ ಇದ್ದರೆ ಫೋಟೋ ತೆಗೆದಿಡಿ. ಹಾಡಿನ ಹೆಸರಿನ ಜತೆಗೆ ಯಾವ ಲಿಪಿಯಲ್ಲಿ ಬರೆದಿದ್ದಾರೆ, ಯಾವ ಹಾಡಿನ ಪಕ್ಕದಲ್ಲಿ ಯಾವ ಹಾಡು ಇದೆ ಅನ್ನುವುದನ್ನೂ ಗುರುತು ಮಾಡಿ. ತಾಳವಾಡಿಯ ಒಂದು ಚೀಟಿ, ಜತ್ತಿನ ಒಂದು ಚೀಟಿ ಪಕ್ಕ ಪಕ್ಕ ಇಟ್ಟರೆ, ಯಾವ ರಾಜ್ಯದ ಲೆಕ್ಕಕ್ಕೂ ಸೇರದ ಕನ್ನಡ ಕೇಳುಗರ ಪಟ್ಟಿ ಅಲ್ಲಿಂದ ಶುರುವಾಗುತ್ತದೆ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೇನೆ. ಹೊಸೂರಿನವರಿಂದ 'ಚಿನ್ನ ತಂಬಿ'ಯ ಬಗ್ಗೆ ತಕರಾರು ಬರುತ್ತದೆ ಅಂತ ಗೊತ್ತು. ಬರಲಿ, ಚರ್ಚೆ ಮಾಡೋಣ.