ಕೆರೆಯುವ ಮೊದಲು

ಹಳೆಯ ಮರದ ಸಾಮಾನು ಕೈಗೆ ಸಿಕ್ಕರೆ ಮೊದಲು ಬಣ್ಣ ಕೆರೆಯಬೇಕು, ಪಾಲಿಶ್ ಪೇಪರ್ ಹಾಕಿ ಉಜ್ಜಬೇಕು, ಮರದ ಗೆರೆ ಎದ್ದು ಕಾಣಬೇಕು. ಪೇಟೆಯ ಹಳೆ ಫರ್ನಿಚರ್ ಅಂಗಡಿಗಳು ಕಲಿಸಿದ ಈ ಪಾಠ ಈಗ ಅಭಿರುಚಿಯ ಗುರುತೇ ಆಗಿಬಿಟ್ಟಿದೆ. ತೇಗದ ಬೀರು, ಬೀಟೆಯ ಕುರ್ಚಿಯ ಮಟ್ಟಿಗೆ ಇದರಲ್ಲಿ ದೊಡ್ಡ ತಪ್ಪಿಲ್ಲ. ಅವುಗಳ ಚೆಲುವು ಮರದಲ್ಲೇ ಇದೆ. ಆದರೆ ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ತಯಾರಾದ ಮಂಟಪಕ್ಕೋ ತೊಟ್ಟಿಲಿಗೋ ದೇವಿಯ ಮೂರ್ತಿಗೋ ಇದೇ ಉಪಚಾರ ಮಾಡಿದರೆ ಕೊನೆಗೆ ಉಳಿಯುವುದು ಬಿಳುಚಿಕೊಂಡ, ಉಗುರು ಒತ್ತಿದರೆ ಗುರುತು ಬೀಳುವ ಪೊಳಕಿ ಕಟ್ಟಿಗೆ ಮಾತ್ರ. ಅದರಲ್ಲಿ ತೋರಿಸಬೇಕಾದ ಗೆರೆಯೂ ಇಲ್ಲ, ಹೊಳಪೂ ಇಲ್ಲ. ಚಿತ್ರಗಾರರು ಆ ಮರವನ್ನು ಆರಿಸಿಕೊಂಡದ್ದೇ ಅದು ಹಗುರ, ಉಳಿಗೆ ಬೇಗ ಬಗ್ಗುತ್ತದೆ, ಮೇಲಿನ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ ಎಂದು.

ಮೇಲಿನ ಆ ಕೆಲಸವೇ ಕಿನ್ನಾಳದ ಕಲೆ. ಬಿಡಿ ಭಾಗಗಳನ್ನು ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗರುಡನ ಮೂರ್ತಿಗೆ ಹನ್ನೆರಡು ಭಾಗ, ಗಣಪತಿಗೆ ಇಪ್ಪತ್ತೆರಡು ಎಂದು ಲೆಕ್ಕ ಹೇಳುವುದುಂಟು. ಸಂದುಗಳಿಗೆ ‘ಕಿಟ್ಟ’ ಮೆತ್ತುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿದ ಮುದ್ದೆ ಅದು. ಆಮೇಲೆ ಮೈತುಂಬ ಅದೇ ಅಂಟು ಸವರಿ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಹರಳುಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಸರ, ಡಾಬು, ಕಿರೀಟದ ಕುಸುರಿ ಎಲ್ಲ ಈ ಲೇಪದಿಂದಲೇ ಉಬ್ಬಿ ಏಳುತ್ತವೆ. ಬಿಳಿಯ ಬಳಿದ ಮೇಲೆ, ಕಡೆಗೆ, ಬಣ್ಣ.

ಬಟ್ಟೆಯ ಆ ಪದರ ಯಾಕೆ ಎಂದು ಕೇಳಬೇಕು. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಕೊಪ್ಪಳದ ಬೇಸಿಗೆಯಲ್ಲಿ ಕುಗ್ಗುತ್ತದೆ. ಆ ಎಳೆದಾಟವೆಲ್ಲ ನೇರವಾಗಿ ಬಣ್ಣಕ್ಕೆ ತಟ್ಟದಂತೆ ಬಟ್ಟೆ ನಡುವೆ ನಿಂತು ತಾಳಿಕೊಳ್ಳುತ್ತದೆ. ರಷ್ಯಾ, ಗ್ರೀಸ್ ಕಡೆಯ ಕ್ರೈಸ್ತ ಚಿತ್ರಗಾರರೂ ಮರದ ಹಲಗೆಯ ಮೇಲೆ ಸಂತರನ್ನು ಬರೆಯುವ ಮುಂಚೆ ನಾರುಬಟ್ಟೆ ಅಂಟಿಸಿ, ಅದರ ಮೇಲೆ ಸೀಮೆಸುಣ್ಣದ ಲೇಪ ಕೊಡುತ್ತಿದ್ದರು. ಒಬ್ಬರನ್ನೊಬ್ಬರು ಕಂಡರಿಯದ ಕೈಗಳು ಒಂದೇ ತೊಂದರೆಗೆ ಒಂದೇ ಉಪಾಯ ಹುಡುಕಿದ್ದವು.

ಇಷ್ಟು ತಿಳಿದ ಮೇಲೆ, ಹಳೆಯ ಕಿನ್ನಾಳದ ಸಾಮಾನಿಗೆ ಮತ್ತೆ ಬಣ್ಣ ಹಚ್ಚುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಬೇರೆ ಕಡೆಯಿಂದ ಶುರು ಮಾಡಬಹುದು. ಸಂರಕ್ಷಣಾ ತಜ್ಞರು ಸಾಮಾನ್ಯವಾಗಿ ಹೊಸ ಬಣ್ಣದ ವಿರೋಧಿಗಳು. 1964ರ ವೆನಿಸ್ ಸನದಿನಿಂದ ಈಚೆಗೆ ಅವರ ಶಿಸ್ತು ಸ್ಪಷ್ಟ: ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು. ಕಲ್ಲಿನ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟು ಬರೆದ ಆ ಮಾತನ್ನು ಊರ ದ್ಯಾಮವ್ವನ ಮುಂದೆ ಓದಿದರೆ ಯಾರೂ ಕಿವಿಗೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಜಾತ್ರೆಗೆ ಮುಂಚೆ ದೇವಿಯನ್ನು ಬಣ್ಣಕ್ಕೆ ಕೂಡಿಸುವುದು ಉತ್ತರ ಕರ್ನಾಟಕದ ರೂಢಿ. ಬಣ್ಣ ಮಾಸಿದ ಮೂರ್ತಿಯನ್ನು ಹಾಗೆಯೇ ತೇರಿಗೆ ಏರಿಸುವುದು ಪ್ರಾಚೀನತೆಗೆ ತೋರುವ ಗೌರವ ಎನಿಸುವುದಿಲ್ಲ, ಅಸಡ್ಡೆ ಎನಿಸುತ್ತದೆ. ಪುರಿಯ ಜಗನ್ನಾಥನಿಗೂ ಜ್ಯೇಷ್ಠ ಹುಣ್ಣಿಮೆಯ ಸ್ನಾನದ ನಂತರ ಹದಿನೈದು ದಿನ ದರ್ಶನವಿಲ್ಲ. ಹೊಸ ಬಣ್ಣದ ಕೆಲಸ ಆಗ ನಡೆಯುತ್ತದೆ. ಅಲ್ಲಿಯೂ ಮರಕ್ಕೂ ಬಣ್ಣಕ್ಕೂ ನಡುವೆ ಬಟ್ಟೆ ಮತ್ತು ಅಂಟಿನ ಪದರಗಳಿವೆ.

ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಮಾಳಿಗೆಯ ಚಿತ್ರಗಳನ್ನು ತಮ್ಮ ಹಿರೀಕರು ಬರೆದರೆಂದು ಕಿನ್ನಾಳದವರು ಹೇಳಿಕೊಳ್ಳುತ್ತಾರೆ. ಆ ಚಿತ್ರಗಳು ವಿಜಯನಗರದ ಕಾಲದವಲ್ಲ, ಈಗ ಕಾಣುವುದು 19ನೇ ಶತಮಾನದ ಕೈಕೆಲಸ ಎನ್ನುವ ವಿದ್ವಾಂಸರಿದ್ದಾರೆ. ಎರಡೂ ಮಾತು ಒಟ್ಟಿಗೆ ನಿಲ್ಲಲಾರವು ಎಂದು ನನಗನ್ನಿಸುವುದಿಲ್ಲ. ಬರೆದದ್ದರ ಮೇಲೆ ಮತ್ತೆ ಬರೆಯುವುದು ಈ ಕಸುಬಿನ ಒಳಗೇ ಇದೆ. ಆದ್ದರಿಂದ ನನ್ನ ತಕರಾರು ಮರುಬಣ್ಣದ ಬಗ್ಗೆ ಅಲ್ಲ, ಅದನ್ನು ಯಾವುದರ ಮೇಲೆ ಹಚ್ಚುತ್ತಾರೆ ಎಂಬುದರ ಬಗ್ಗೆ.

ಈಗ ನಡೆಯುತ್ತಿರುವುದನ್ನು ನೋಡಿ. ಜಾತ್ರೆಯ ದಿನ ಮೊದಲೇ ಗೊತ್ತಾಗಿರುತ್ತದೆ. ಮೂರ್ತಿ ಬಣ್ಣಕ್ಕೆ ಬರುವುದು ತಡವಾಗಿ. ಕಿಟ್ಟ ಒಣಗಲು, ಲೇಪ ಒಣಗಲು, ತಿಕ್ಕಿ ಮತ್ತೆ ಬಳಿಯಲು ದಿನಗಳು ಬೇಕು, ಅವು ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಡಬ್ಬಿ ಒಡೆದರೆ ಒಂದು ರಾತ್ರಿಗೆ ಕೈಗಂಟದಷ್ಟು ಒಣಗುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ನೋಡಿದವರಿಗೆಲ್ಲ ಖುಷಿ. ಆ ಖುಷಿಯನ್ನು ನಾನು ಹಗುರ ಮಾಡುವುದಿಲ್ಲ. ಹೊಳಪು ಈ ಕಲೆಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಆದರೆ ಎನಾಮಲ್ ವರ್ಷ ಕಳೆದಂತೆ ಗಡಸಾಗುತ್ತದೆ, ಮರದ ಜೊತೆ ಹಿಗ್ಗಿ ಕುಗ್ಗದೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ತೇವ ಹುಣಸೆಬೀಜದ ಅಂಟನ್ನು ಮೆತ್ತಗೆ ಮಾಡುತ್ತದೆ. ಮುಂದಿನ ಸಲ ಆ ಗಟ್ಟಿ ಪೊರೆ ಕೆರೆಯಲು ಹೋದರೆ ಒಳಗಿನ ಲೇಪವೂ ಅದರ ಜೊತೆ ಕಿತ್ತು ಬರುತ್ತದೆ. ಕೆರೆಯದೆ ಮೇಲೆಯೇ ಹಚ್ಚುತ್ತ ಹೋದರೆ ಉಬ್ಬುಗೆಲಸದ ಸಂದುಗಳು ತುಂಬಿಕೊಳ್ಳುತ್ತವೆ. ಸರದ ಮಣಿಗಳು ಮೊದಲು ಒಂದಕ್ಕೊಂದು ಅಂಟುತ್ತವೆ, ನಾಲ್ಕಾರು ಜಾತ್ರೆ ಕಳೆದ ಮೇಲೆ ಕೊರಳಲ್ಲಿ ಒಂದು ದಪ್ಪ ಹಳದಿ ಪಟ್ಟಿ ಉಳಿಯುತ್ತದೆ. ರೆಪ್ಪೆಯ ಅಂಚು ಹೋಗಿ ದೇವಿಯ ನೋಟವೇ ಬೇರೆಯಾಗುತ್ತದೆ. ಇಂಥ ಮುಖಗಳು ಈ ಸೀಮೆಯ ಗುಡಿಗಳಲ್ಲಿ ಬೇಕಾದಷ್ಟಿವೆ.

ಚಿನ್ನದ ಬಣ್ಣದ ಕಥೆ ಇನ್ನೂ ಬೇಸರದ್ದು. ಕಿನ್ನಾಳದವರ ಹಳೆಯ ವಿದ್ಯೆ ಲಾಜವಾರ: ತವರವನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಚ್ಚುವುದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಿ ಬೆಳ್ಳಿಯಂತೆ ಬೆಳಗುವುದು, ಬಂಗಾರ ಬೇಕಾದಲ್ಲಿ ಮೇಲೆ ಹಳದಿ ವಾರ್ನಿಷ್ ಕೊಡುವುದು. ತವರ ಸುಲಭಕ್ಕೆ ಕಂದುವ ಲೋಹವಲ್ಲ. ಅಂಗಡಿಯ ಗೋಲ್ಡ್ ಪೇಂಟಿನಲ್ಲಿರುವುದು ಹೆಚ್ಚಾಗಿ ಹಿತ್ತಾಳೆಯ ಪುಡಿ. ದೀಪದ ಎಣ್ಣೆ, ಹೊಗೆ, ಮುಟ್ಟಿದ ಕೈಯ ಬೆವರು ತಾಗಿ ಅದು ಕಂದು ಹಿಡಿಯುತ್ತದೆ. ಆಗ ಮತ್ತೊಂದು ಡಬ್ಬಿ ಬೇಕು. ಹಳೆಯದರಲ್ಲಿ ಲಾಜವಾರ ಎಲ್ಲಿಯಾದರೂ ಉಳಿದಿದ್ದರೆ, ಎಷ್ಟೇ ಮಸುಕಾಗಿರಲಿ, ಅದರ ಮೇಲೆ ಗೋಲ್ಡ್ ಪೇಂಟ್ ಹಚ್ಚುವುದನ್ನು ನಾನು ಕೆಡಿಸುವುದು ಎಂದೇ ಕರೆಯುತ್ತೇನೆ.

ಇದನ್ನು ಚಿತ್ರಗಾರರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಅವರಿಗೆ ತಳ ಹಾಕಲು ಬರುವುದಿಲ್ಲ ಎಂದಲ್ಲ; ತಳಕ್ಕೆ ದುಡ್ಡು ಕೊಡುವವರಿಲ್ಲ. ಲೆಕ್ಕದ ಪುಸ್ತಕದಲ್ಲಿ ‘ಬಣ್ಣದ ಖರ್ಚು’ ಎಂದು ಒಂದು ಸಾಲು ಬರೆಯುವ ಕಮಿಟಿಗೆ ಬಣ್ಣದ ಕೆಳಗೆ ಮೂರು ಪದರ ಇರುವುದು ಕಾಣುವುದೇ ಇಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಕಿನ್ನಾಳದ ಹೆಸರನ್ನು ಕಾಯುತ್ತದೆ. ಕಾವೇರಿ ಎಂಪೋರಿಯಂನ ಕಪಾಟಿನಲ್ಲಿ ಹೊಸ ಗೊಂಬೆ ಆ ಹೆಸರಿನಿಂದ ಮಾರಾಟವಾಗುತ್ತದೆ. ಅಷ್ಟೇ ಅಗತ್ಯವಾದ ಹಳೆಯದರ ದುರಸ್ತಿಗೆ ಮಾತ್ರ ಯಾವ ಕಪಾಟೂ ಇಲ್ಲ. ಪೊಳಕಿ ಸಿಗುವುದೂ ಕಷ್ಟವಾಗಿದೆ. ಮುರಿದ ತೋಳಿಗೆ ಕೈಗೆ ಸಿಕ್ಕ ಭಾರದ ಮರ ಜೋಡಿಸಿದರೆ ಎರಡರ ಹಿಗ್ಗುವಿಕೆ ಹೊಂದದೆ ಸಂದು ಮತ್ತೆ ಬಾಯಿ ಬಿಡುತ್ತದೆ.

ಪೂಜೆಯಲ್ಲಿರುವ ಮೂರ್ತಿಗೂ ಪೂಜೆ ನಿಂತ ಸಾಮಾನಿಗೂ ಒಂದೇ ನಿಯಮ ಹಾಕಬಾರದು. ಅಟ್ಟದಲ್ಲಿ ಬಿದ್ದಿರುವ ಮಂಟಪಕ್ಕೋ ಒಡೆದ ವಾಹನಕ್ಕೋ ಯಾರೂ ಹೊಸ ಬಣ್ಣ ಕೇಳುತ್ತಿಲ್ಲ. ಒಣ ಬ್ರಷ್‌ನಿಂದ ದೂಳು ತೆಗೆದು, ಎದ್ದ ಚಕ್ಕೆಗಳನ್ನು ಅಂಟಿಸಿ, ಹುಳ ಹಿಡಿಯದಂತೆ ನೋಡಿಕೊಂಡರೆ ಸಾಕು. ಒದ್ದೆ ಬಟ್ಟೆ ಮಾತ್ರ ತಾಗಿಸಬಾರದು, ಅಂಟು ನೀರಿಗೆ ಬಿಡುತ್ತದೆ. ಜಾತ್ರೆಗೆ ಹೋಗುವ ಮೂರ್ತಿಗೆ ಬಣ್ಣ ಬೇಕೇ ಬೇಕು. ಅಲ್ಲಿ ಕೇಳಬೇಕಾದದ್ದು ಎದ್ದ ಕಡೆ ತಳವನ್ನು ಹಳೆಯ ಪದ್ಧತಿಯಲ್ಲೇ ಕೂಡಿಸುವುದು, ಕುಸುರಿಯನ್ನು ಲೇಪದಿಂದ ಹೊಸದಾಗಿ ಎಬ್ಬಿಸುವುದು, ಬೆನ್ನ ಕಡೆ ಅಂಗೈಯಗಲ ಹಳೆಯ ಬಣ್ಣವನ್ನು ಮುಟ್ಟದೆ ಬಿಡುವುದು. ಮುಂದೆ ಬರುವ ಚಿತ್ರಗಾರನಿಗೆ ಮೊದಲಿನ ಕೆಂಪು ಯಾವುದೆಂದು ಆ ಅಂಗೈಯಗಲದಿಂದ ಗೊತ್ತಾಗುತ್ತದೆ. ಕೆಲಸಕ್ಕೆ ಮುಂಚೆ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆಯಲು ಖರ್ಚೇನೂ ಇಲ್ಲ.

ತೊಟ್ಟಿಲ ಮಾತು ಬೇರೆ, ಅದರಲ್ಲಿ ಕೂಸು ಮಲಗುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಸಿನಿಮಾ ನಟರ ಮನೆಗೆ ಹೋಗಿ ಸುದ್ದಿಯಾದ ಮೇಲೆ, ಅಟ್ಟದ ಹಳೆ ತೊಟ್ಟಿಲುಗಳನ್ನು ಕೆಳಗಿಳಿಸಿ ಹೊಸ ಮಾಡಿಸುವ ಆಸೆ ಹಲವರಿಗೆ ಬಂದಿದ್ದರೆ ಸಂತೋಷವೇ. ಆದರೆ ನಡುವೆ ಯಾವಾಗಲೋ ಬಳಿದ ಎನಾಮಲ್ ಪದರಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು ಮರುವರ್ಷ. ಅದಕ್ಕೂ ಹಿಂದಿನ ಬಣ್ಣವನ್ನು ಪಡಸಾಲೆಯಲ್ಲಿ ಕೂತು ಒಣಗಿದ್ದಂತೆಯೇ ಉಜ್ಜಿದರೆ ದೂಳು ಮನೆಯೆಲ್ಲ ಹರಡುತ್ತದೆ. ಅಂಥ ತೊಟ್ಟಿಲನ್ನು ಕೆರೆಯಲೂ ಬಾರದು, ಕೂಸು ಕಚ್ಚುವ ಅಂಚಿರುವುದರಿಂದ ಹಾಗೆಯೇ ತೂಗಲೂ ಬಾರದು. ಗೋಡೆಯ ಹತ್ತಿರ ನೋಡಲು ಇಟ್ಟು, ಕೂಸಿಗೆ ಹೊಸದನ್ನು ಮಾಡಿಸುವುದು ಒಳ್ಳೆಯದು.