ಹಸಿವನ್ನು ಹಾಡುವುದು ಹೇಗೆ?

ಐರ್ಲೆಂಡ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಯೇಟ್ಸ್, ಜಾಯ್ಸ್, ಬೆಕೆಟ್. ಆ ದೇಶದ ಸಾಹಿತ್ಯವನ್ನು ನಾವು ತರಗತಿಗಳಲ್ಲಿ ಓದಿದ್ದೇವೆ, ವಿಚಾರ ಸಂಕಿರಣಗಳಲ್ಲಿ ಚರ್ಚಿಸಿದ್ದೇವೆ. ಅಲ್ಲಿನ ಹೊಸ ಶಾಸ್ತ್ರೀಯ ಸಂಗೀತದ ಬಗ್ಗೆ ಮಾತ್ರ ನಮ್ಮಲ್ಲಿ ಮಾತೇ ಇಲ್ಲವೆನ್ನಬಹುದು. 1970ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಡೊನಖಾ ಡೆನಹಿ ಅವರ ಕೃತಿಗಳನ್ನು ಕೇಳಿದಾಗ ಈ ಮೌನ ನಮ್ಮದೇ ನಷ್ಟ ಅನಿಸುತ್ತದೆ. ಏಕೆಂದರೆ ಅವರ ಸಂಗೀತ ಎತ್ತುವ ಪ್ರಶ್ನೆ ಸಂಗೀತಗಾರರದ್ದಷ್ಟೇ ಅಲ್ಲ. ಸೋತ ಜನರ ಭಾಷೆಯನ್ನು, ಅವರ ಸಂಕಟವನ್ನು ಕಲೆಗಾರ ಕೈಗೆತ್ತಿಕೊಳ್ಳುವಾಗ ಅದು ಅಲಂಕಾರವಾಗದಂತೆ ನೋಡಿಕೊಳ್ಳುವುದು ಹೇಗೆ?

ಡೆನಹಿ ಕಲಿತದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಅಲ್ಲಿ ಅವರಿಗೆ ಕಲಿಸಿದವರಲ್ಲಿ ಇರಾನಿನ ಹೊರ್ಮೋಜ್ ಫರ್ಹತ್ ಒಬ್ಬರು. ಪರ್ಶಿಯನ್ ಸಂಗೀತದ ದಸ್ತ್‌ಗಾಹ್ ಪದ್ಧತಿಯ ಮೇಲೆ ಪ್ರಮಾಣಗ್ರಂಥ ಬರೆದ ವಿದ್ವಾಂಸರು ಅವರು. ಡೆನಹಿ ಮುಂದೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದರು. ಊರಿಗೆ ಮರಳಿ 1997ರಲ್ಲಿ ಗೆಳೆಯರೊಂದಿಗೆ 'ಕ್ರ್ಯಾಶ್ ಆನ್ಸಾಂಬ್ಲ್' ಎಂಬ ವಾದ್ಯ ತಂಡ ಕಟ್ಟಿದರು. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್, ಪಿಟೀಲು ಒಟ್ಟಿಗೇ ನುಡಿಯುವ ತಂಡವದು. ಆ ಕಾಲದ ಕೃತಿಗಳಲ್ಲಿ ನಗರದ ವೇಗವಿದೆ, ಗದ್ದಲವಿದೆ, ತುಂಟತನವಿದೆ. ನೆಲದ ನೆನಪು ಮಾತ್ರ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು 2007ರ 'ಗ್ರಾ ಅಗಸ್ ಬಾಸ್' ಕೃತಿಯಲ್ಲಿ. ಐರಿಷ್ ಭಾಷೆಯಲ್ಲಿ ಹಾಗೆಂದರೆ 'ಪ್ರೀತಿ ಮತ್ತು ಸಾವು'. ಇಲ್ಲಿ ಹಾಡುವವರು ಈರ್ಲಾ ಓ ಲಿನಾರ್ಡ್. ಕಾರ್ಕ್ ಪ್ರಾಂತದ ಐರಿಷ್ ಮಾತನಾಡುವ ಊರಿನಿಂದ ಬಂದ ಅವರು 'ಶಾನ್ ನೋಸ್' ಗಾಯಕರು. 'ಹಳೆಯ ರೀತಿ' ಎಂಬುದು ಆ ಪದದ ಅರ್ಥ. ಪಕ್ಕವಾದ್ಯವಿಲ್ಲ, ತಾಳದ ಕಟ್ಟಿಲ್ಲ. ಒಂದೇ ಕೊರಳು ಸ್ವರಗಳನ್ನು ಎಳೆದು, ತಿರುವಿ, ಕುಣಿಸುತ್ತ ಪದ್ಯವನ್ನು ಹೇಳುತ್ತದೆ. ನಮ್ಮ ಗಮಕ, ಆಲಾಪಗಳನ್ನು ಬಲ್ಲ ಕಿವಿಗೆ ಇದು ಪರಕೀಯವಲ್ಲ.

ಇಂಥ ಕೊರಳಿಗೆ ಪಿಯಾನೊ ಕೂರಿಸಿ ಹಾಳುಮಾಡುವುದು ಸುಲಭ. ಪಿಯಾನೊದ ಒಂದು ಸ್ಥಾಯಿಯಲ್ಲಿ 12 ಸಮಪಾಲಿನ ಮನೆಗಳಷ್ಟೇ ಇವೆ. ಈ ಗಾಯನ ಆ ಮನೆಗಳ ನಡುವಿನ ಓಣಿಗಳಲ್ಲಿ ನಡೆಯುವಂಥದು. ಡೆನಹಿ ಬೇರೆ ದಾರಿ ಹಿಡಿದರು. ತಂಬೂರಿಯ ಒಂದೇ ತಂತಿ ಮೀಟಿದರೂ ಅದರೊಳಗಿಂದ ಹಲವು ಸ್ವರಗಳು ಏಳುತ್ತವೆಯಲ್ಲ, ಆ ಸಹಜ ಸ್ವರಾಂಶಗಳ ಮೇಲೆ ಅವರು ವಾದ್ಯಗಳ ಮೇಳವನ್ನು ಕಟ್ಟಿದ್ದಾರೆ. ಅವುಗಳಲ್ಲಿ 7ನೆಯದು, 11ನೆಯದು ಪಿಯಾನೊದ ಯಾವ ಮನೆಗೂ ಸರಿಯಾಗಿ ಬೀಳುವುದಿಲ್ಲ. ಹೀಗಾಗಿ ಇಲ್ಲಿ ಕೊರಳು ವಾದ್ಯಕ್ಕೆ ಶರಣಾಗಿಲ್ಲ. ವಾದ್ಯಗಳೇ ತಮ್ಮ ಶ್ರುತಿ ಬಿಟ್ಟು ಕೊರಳಿನತ್ತ ಬಂದಿವೆ. ಜಾನಪದವನ್ನು ಕೋಟಿಗೆ ಸಿಕ್ಕಿಸಿದ ಹೂವಿನಂತೆ ಬಳಸುವ ಕಲಾವಿದರು ಎಲ್ಲ ದೇಶಗಳಲ್ಲೂ ಇದ್ದಾರೆ. ಡೆನಹಿ ಆ ಸಾಲಿನವರಲ್ಲ ಎನ್ನಲು ಸುಮಾರು 25 ನಿಮಿಷದ ಈ ಒಂದು ಕೃತಿ ಸಾಕು.

ಹೆಚ್ಚು ಕಷ್ಟದ ಪರೀಕ್ಷೆ 'ದ ಹಂಗರ್'. 1845ರಿಂದ ಆಲೂಗಡ್ಡೆಗೆ ರೋಗ ತಗಲಿ ಐರ್ಲೆಂಡ್ ಬರಗಾಲಕ್ಕೆ ಸಿಕ್ಕಿತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಸತ್ತವರಲ್ಲಿ ಹೆಚ್ಚಿನವರು ಪಶ್ಚಿಮದ ಬಡ ಐರಿಷ್ ಭಾಷಿಕರು. ಜನರೊಂದಿಗೆ ಭಾಷೆಯೂ ಕುಸಿಯಿತು. ರೋಗ ಪ್ರಕೃತಿಯದ್ದು ನಿಜ. ಆದರೆ ಹಸಿದ ದೇಶದಿಂದ ಧಾನ್ಯದ ಹಡಗುಗಳು ಹೊರಟದ್ದು ಪ್ರಕೃತಿಯಿಂದಲ್ಲ. ಮಾರುಕಟ್ಟೆಗೆ ಕೈಹಾಕಬಾರದೆಂಬ ಸಿದ್ಧಾಂತ ಆಗ ಲಂಡನ್ನಿನಲ್ಲಿ ಆಳುತ್ತಿತ್ತು. ಪರಿಹಾರದ ಹೊಣೆ ಹೊತ್ತು ಆ ಸಿದ್ಧಾಂತಕ್ಕೇ ಅಂಟಿಕೊಂಡ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ ಮುಂದೆ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದರು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಅದೇ ಆಡಳಿತದಲ್ಲಿದ್ದವು. ಆದ್ದರಿಂದ ಇದು ನಮಗೆ ತೀರಾ ಹೊರಗಿನ ಕತೆಯಲ್ಲ.

ಡೆನಹಿ ಈ ಕೃತಿಗೆ ಆಧಾರವಾಗಿಟ್ಟುಕೊಂಡದ್ದು ಅಸೆನತ್ ನಿಕಲ್ಸನ್ ಎಂಬ ಅಮೆರಿಕನ್ ಮಹಿಳೆಯ ಬರಹ. ಬರಗಾಲದ ನಡುವೆ ಊರೂರು ಸುತ್ತಿ ಹಸಿದವರಿಗೆ ನೆರವಾದ ಧೀಮಂತೆ ಆಕೆ. ಆಕೆಯ ಮಾತುಗಳನ್ನು ಸೊಪ್ರಾನೊ ಗಾಯಕಿ ಹಾಡುತ್ತಾರೆ, ಹಸಿದ ಮುದುಕನಾಗಿ ಓ ಲಿನಾರ್ಡ್ ಬರುತ್ತಾರೆ. 2016ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ರಂಗದಲ್ಲಿ ಇದು ಪ್ರದರ್ಶನಗೊಂಡಾಗ ನೋಮ್ ಚಾಮ್‌ಸ್ಕಿ, ಪಾಲ್ ಕ್ರುಗ್‌ಮನ್ ಮೊದಲಾದವರು ಪರದೆಯ ಮೇಲೆ ಬಂದು ಬರಗಾಲದ ಕಾರಣಗಳನ್ನು ವಿವರಿಸುತ್ತಿದ್ದರು. ಹಾಡಿನ ನಡುವೆ ಉಪನ್ಯಾಸವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ತಕರಾರು ಅದಲ್ಲ. ಕಾರಣ ಹೇಳದ ಶೋಕ ಬರೀ ಸುಂದರವಾಗಿಬಿಡುತ್ತದೆ. ಕೇಳುಗ ಕಣ್ಣೊರೆಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಾನೆ. ಹಾಗಾಗದಂತೆ ತಡೆಯಲು ಡೆನಹಿ ತಮ್ಮ ಸಂಗೀತವನ್ನೇ ಮುರಿದರು. ಅದು ಪ್ರಾಮಾಣಿಕತೆ.

ನಮ್ಮ ತಕರಾರು ಇನ್ನೊಂದು. ಕತೆ ಬರೆಯುವ ನಮಗೆ ಕರುಣೆಯುಳ್ಳ ಅತಿಥಿಯ ಕಣ್ಣಿನಿಂದ ಬಡವರ ಮನೆ ನೋಡುವ ಕತೆಗಳ ತೊಂದರೆ ಗೊತ್ತಿದೆ. ಅಲ್ಲಿ ನೋಡುವವರಿಗೆ ಬುದ್ಧಿ, ಮಾತು, ಕೋಪ ಎಲ್ಲ ಇರುತ್ತದೆ. ನೋಡಿಸಿಕೊಳ್ಳುವವರ ಪಾಲಿಗೆ ಅಳು ಮಾತ್ರ. ಇಲ್ಲಿ ವಿವರಿಸುವವರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಐರಿಷ್ ಕೇಳಿಸುವುದು ಮುದುಕನ ಗೋಳಿನಲ್ಲಿ. ಆತ ಒಮ್ಮೆಯಾದರೂ ಲೆಕ್ಕ ಕೇಳಬಾರದಿತ್ತೆ? ಮರ್ಸಿಯಾ ಕೇಳಿ ಬೆಳೆದವರಿಗೆ ಗೊತ್ತು, ಶೋಕಗೀತೆ ಅಳುವುದಷ್ಟೇ ಅಲ್ಲ, ಅನ್ಯಾಯ ಮಾಡಿದವರತ್ತ ಬೆರಳು ತೋರಿಸುತ್ತದೆ ಕೂಡ. ಈ ಕೃತಿಯ ಮುದುಕನ ಸ್ವರಗಳು ನಮ್ಮನ್ನು ನಡುಗಿಸುತ್ತವೆ. ಆದರೆ ಬೆರಳು ತೋರಿಸುವ ಕೆಲಸವನ್ನು ಪರದೆಯ ಮೇಲಿನ ಪಂಡಿತರಿಗೆ ಬಿಟ್ಟಿದ್ದಾರೆ.

ಈ ಕೊರತೆ ಅವರಿಗೂ ಕಾಡಿತೋ ಏನೋ, ನಾಟಕಕಾರ ಎಂಡಾ ವಾಲ್ಷ್ ಜೊತೆ ಮಾಡಿದ ಒಪೆರಾಗಳಲ್ಲಿ ಅವರು ಇಂದಿನ ಐರ್ಲೆಂಡಿನ ಒಂಟಿ ಮನುಷ್ಯರತ್ತ ತಿರುಗಿದರು. 'ದ ಲಾಸ್ಟ್ ಹೋಟೆಲ್' (2015) ಸಾಯಲು ನಿರ್ಧರಿಸಿದ ಮಹಿಳೆಯ ಕತೆ. 'ದ ಸೆಕೆಂಡ್ ವಯೊಲಿನಿಸ್ಟ್' (2017) ಇನ್ನೂ ಧೈರ್ಯದ್ದು. ಅದರ ನಾಯಕ ಹಾಡುವುದೇ ಇಲ್ಲ. ಸುತ್ತಲಿನ ಸಂಗೀತ ಅವನ ಮೌನವನ್ನು ತುಂಬಲು ಹೋಗದೆ ಅದನ್ನು ಹಾಗೆಯೇ ಕೇಳಿಸುತ್ತದೆ. ಮುದುಕನ ಬಾಯಿಗೆ ಗೋಳು ಕೊಟ್ಟ ಸಂಗೀತಗಾರ ಇಲ್ಲಿ ಮನುಷ್ಯನ ಬಾಯಿಗೆ ಏನನ್ನೂ ತುರುಕದಿರುವುದನ್ನು ಕಲಿತಿದ್ದಾರೆ. 2022ರ 'ಲ್ಯಾಂಡ್ ಆಫ್ ವಿಂಟರ್' ಕೃತಿಯಲ್ಲಂತೂ ಮಾತೇ ಇಲ್ಲ. ಐರ್ಲೆಂಡಿನ 12 ತಿಂಗಳ ಬೆಳಕು ವಾದ್ಯಗಳಲ್ಲಿ ಬದಲಾಗುತ್ತ ಹೋಗುತ್ತದೆ.

ಆಸಕ್ತರಿಗೆ ನಮ್ಮ ಸಲಹೆ ಇಷ್ಟು: 2011ರಲ್ಲಿ ನನ್‌ಸಚ್ ಸಂಸ್ಥೆ ಹೊರತಂದ 'ಗ್ರಾ ಅಗಸ್ ಬಾಸ್' ಧ್ವನಿಮುದ್ರಿಕೆಯಿಂದ ಆರಂಭಿಸಿ. ಆಮೇಲೆ 2019ರ 'ದ ಹಂಗರ್' ಕೇಳಿ. ಮೊದಲನೆಯದರಲ್ಲಿ ಹಳೆಯ ಕೊರಳಿಗೆ ಸಿಕ್ಕ ಗೌರವ ಎರಡನೆಯದರಲ್ಲಿ ಹಸಿದ ಮುದುಕನಿಗೆ ಪೂರ್ತಿ ಸಿಕ್ಕಿದೆಯೇ? ಸಿಕ್ಕಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಕೇಳಿದವರು ಒಪ್ಪದಿದ್ದರೆ ನಮಗೆ ಸಂತೋಷವೇ.